ಕೆರೆಯ ಬಾತು, ಹಿತ್ತಲ ಪಿಕಳಾರ: ಎಣಿಸುವುದು ಹೇಗೆ?

ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಸಾವಿರಾರು ಬಾತುಗಳನ್ನು ಎಣಿಸುವುದು ಹೇಗೆ, ಹಿತ್ತಲಿಗೆ ಪದೇ ಪದೇ ಬರುವ ಪಿಕಳಾರಗಳನ್ನು (ಬುಲ್‌ಬುಲ್) ಎಷ್ಟೆಂದು ಬರೆಯುವುದು ಅಂತ ಕೇಳಿದ್ದೀರಿ.

ಹಿತ್ತಲಿನದು ಸುಲಭ. ಒಂದೇ ಸಲಕ್ಕೆ ಕಂಡ ಅತಿ ಹೆಚ್ಚಿನ ಸಂಖ್ಯೆ ಬರೆಯಿರಿ. ಮೊದಲು ಎರಡು, ಆಮೇಲೆ ಮೂರು, ಮತ್ತೆ ಎರಡು ಬಂದರೆ ಲೆಕ್ಕ ಮೂರು, ಏಳಲ್ಲ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಜಾಗತಿಕ ಹಕ್ಕಿ ಎಣಿಕೆಗೆ 15 ನಿಮಿಷ ಕೂತರೂ ಸಾಕು.

ಕೆರೆಯಲ್ಲೇ ನಿಜವಾದ ಕಷ್ಟ. ಬಿಸಿಲು ನಿಮ್ಮ ಬೆನ್ನಿಗಿರಲಿ, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕಪ್ಪಗೇ ಕಾಣುತ್ತದೆ. ಒಣಮರ, ತೂಬು, ಏರಿಯ ತಿರುವು ಹೀಗೆ ಗುರುತು ಇಟ್ಟುಕೊಂಡು ನೀರನ್ನು ಭಾಗ ಮಾಡಿ. ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅವು ಹಿಡಿದ ಜಾಗ ಎಷ್ಟು ಅಂತ ಕಣ್ಣಿಗೆ ರೂಢಿ ಮಾಡಿಕೊಳ್ಳಿ. ಅದೇ ಅಳತೆಯಲ್ಲಿ ಹತ್ತು ಹತ್ತಾಗಿ ಮುಂದೆ ಹೋಗಿ. ಗುಂಪು ದಟ್ಟವಾಗಿದ್ದರೆ ಐವತ್ತರ ಅಳತೆ ಒಳ್ಳೆಯದು. ಪಟ್ಟೆತಲೆ ಹೆಬ್ಬಾತಿಗೆ ಒಂದು ಸುತ್ತು, ನಾಮದ ಕೋಳಿ ಎಂಬ ಕಪ್ಪು ನೀರುಹಕ್ಕಿಗೆ ಇನ್ನೊಂದು. ಎರಡನ್ನೂ ಒಟ್ಟಿಗೆ ಎಣಿಸಲು ಹೋದರೆ ಲೆಕ್ಕ ತಪ್ಪೋದು ಖಂಡಿತ. ಗಿಡುಗ ಬಂದು ಎಲ್ಲ ಮೇಲೆದ್ದರೆ ಸುಮ್ನೆ ಕಾಯಿರಿ, ಕೂತ ಮೇಲೆ ಮೊದಲಿನಿಂದ ಶುರು ಮಾಡಿ. ಹೆಬ್ಬಾತುಗಳು ಹೊಲಗಳಿಗೂ ಮೇಯಲು ಹೋಗುತ್ತವೆ. ಹಾಗಾಗಿ ಕೆರೆ, ಹೊಲ ಎರಡರ ಲೆಕ್ಕವನ್ನೂ ಕೂಡಿಸಬೇಡಿ.

ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ ಸಂಖ್ಯೆಯ ಬದಲು 'ಎಕ್ಸ್' (ಹಕ್ಕಿ ಕಂಡಿದೆ, ಎಣಿಸಿಲ್ಲ ಅಂತ) ಹಾಕಬಹುದು. ದಯವಿಟ್ಟು ಹಾಕಬೇಡಿ. ಅಂದಾಜಾದರೂ ಪರವಾಗಿಲ್ಲ, ಸಂಖ್ಯೆಯನ್ನೇ ಬರೆಯಿರಿ. ಹಕ್ಕಿ ಹೆಚ್ಚಾಯಿತೋ ಕಡಿಮೆಯಾಯಿತೋ ಅಂತ ಮುಂದಿನ ವರ್ಷ ಹೋಲಿಸಲು ಬೇಕಾಗುವುದು ಅದೇ ಅಲ್ವಾ?