ಪಿಡಿಎಫ್ ತೆರೆದರೆ ಏನಾದೀತು ಎನ್ನುವವರಿಗೆ

ಒಂದೇ ಪ್ರಶ್ನೆ ಬೇರೆ ಬೇರೆ ಮಾತುಗಳಲ್ಲಿ ಈ ಅಂಕಣಕ್ಕೆ ಮತ್ತೆ ಮತ್ತೆ ಬರುತ್ತಿದೆ. ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿರುವುದರಿಂದ ಈ ಸಲ ಅದಕ್ಕೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಅಪರಿಚಿತ ಕೊಂಡಿಗಳನ್ನು ಒತ್ತಬಾರದು ಎಂಬಂಥ ಮಾತುಗಳು ಓದುಗರಿಗೆ ತಿಳಿದೇ ಇವೆಯೆಂದು ಅವನ್ನು ಇಲ್ಲಿ ಬಿಟ್ಟಿದ್ದೇನೆ.

ಪ್ರಶ್ನೆ: ಪಿಡಿಎಫ್ ಓದುವ ಕಡತವೇ ಹೊರತು ಪ್ರೋಗ್ರಾಂ ಅಲ್ಲ. ಕಂಪ್ಯೂಟರಿನಲ್ಲಿ ಆಂಟಿವೈರಸ್ ಕೂಡ ಇದೆ. ಹೀಗಿರುವಾಗ ತೆರೆದು ನೋಡಿದ ಮಾತ್ರಕ್ಕೆ ಅಪಾಯ ಹೇಗೆ ಬರುತ್ತದೆ? (ತೆರಿಗೆ ಸಲಹೆಗಾರರು, ದಾವಣಗೆರೆ)

ಉತ್ತರ: ಕಡತ ಪ್ರೋಗ್ರಾಂ ಅಲ್ಲದಿರಬಹುದು, ಆದರೆ ಅದನ್ನು ತೆರೆದು ತೋರಿಸುವುದು ಒಂದು ಪ್ರೋಗ್ರಾಂ. ಪಿಡಿಎಫ್ ಒಳಗೆ ಅಕ್ಷರಗಳ ಆಕಾರಗಳಿರುತ್ತವೆ, ಹಲವು ವಿಧಾನಗಳಲ್ಲಿ ಕುಗ್ಗಿಸಿಟ್ಟ ಚಿತ್ರಗಳಿರುತ್ತವೆ, ತುಂಬುವ ಫಾರಂ, ಲಗತ್ತುಗಳು, ಜಾವಾಸ್ಕ್ರಿಪ್ಟ್ (ಕಡತ ತೆರೆದಾಗ ತಾನಾಗಿ ಓಡಬಲ್ಲ ಆದೇಶಗಳು) ಸಹ ಇರಬಹುದು. ಇವುಗಳಲ್ಲಿ ಒಂದೊಂದನ್ನೂ ಬಿಡಿಸಲು ವೀಕ್ಷಕ ತಂತ್ರಾಂಶದಲ್ಲಿ ಪ್ರತ್ಯೇಕ ಭಾಗಗಳಿವೆ. ಚಿತ್ರ ಎಷ್ಟು ದೊಡ್ಡದು, ಎಷ್ಟು ತುಣುಕುಗಳಿವೆ ಎಂಬ ಸಂಖ್ಯೆಗಳನ್ನು ಕಡತವೇ ಹೇಳುತ್ತದೆ. ತಂತ್ರಾಂಶ ಅದನ್ನು ಪರೀಕ್ಷಿಸದೆ ನಂಬಿದರೆ ಕೆಡುಕು ಅಲ್ಲಿಂದಲೇ ಶುರುವಾಗುತ್ತದೆ. ಹಳೆಯ ವಿದ್ಯುತ್ ಮೀಟರು 9999 ದಾಟಿದ ಕೂಡಲೇ 0000ಕ್ಕೆ ತಿರುಗುವಂತೆ, ಕಂಪ್ಯೂಟರಿನ ಲೆಕ್ಕವೂ ತನ್ನ ಮಿತಿ ಮೀರಿದಾಗ ಸಣ್ಣ ಸಂಖ್ಯೆಗೆ ತಿರುಗುತ್ತದೆ. ಆಗ ತಂತ್ರಾಂಶ ಸಣ್ಣ ಜಾಗವನ್ನು ಕಾದಿರಿಸಿ, ಅದರೊಳಗೆ ದೊಡ್ಡ ಸರಕನ್ನು ಸುರಿಯುತ್ತದೆ. ಹೊರಚೆಲ್ಲಿದ ಸರಕು ಪಕ್ಕದ ಸ್ಮೃತಿಯನ್ನು ಅಳಿಸಿ ಬರೆಯುತ್ತದೆ, ಅಲ್ಲಿ ಏನು ಬರೆಯಬೇಕೆಂಬುದನ್ನು ಕಡತ ಕಳಿಸಿದವನು ಮೊದಲೇ ನಿರ್ಧರಿಸಿರುತ್ತಾನೆ.

ಇದು ಪುಸ್ತಕದ ಮಾತಲ್ಲ. ಕಪ್ಪು-ಬಿಳುಪು ಸ್ಕ್ಯಾನ್ ಪುಟಗಳನ್ನು ಕುಗ್ಗಿಸುವ ಜೆಬಿಗ್2 ಎಂಬ ವಿಧಾನವನ್ನೇ ನೋಡಿ. 2009ರ ಫೆಬ್ರವರಿಯಲ್ಲಿ, ಪಿಡಿಎಫ್ ತೆರೆಯುವ ಅಡೋಬಿ ರೀಡರ್ ತಂತ್ರಾಂಶದ ಜೆಬಿಗ್2 ಭಾಗದಲ್ಲಿ ದೋಷ ಬಯಲಾದಾಗ ದಾಳಿಕೋರರು ಅದನ್ನು ಆಗಲೇ ಬಳಸುತ್ತಿದ್ದರು. ತಿದ್ದುಪಡಿ ಬಂದದ್ದು ಮಾರ್ಚಿನಲ್ಲಿ. ಫೋಲ್ಡರಿನಲ್ಲಿ ಕಡತವನ್ನು ಆಯ್ದ ಮಾತ್ರಕ್ಕೆ ವಿಂಡೋಸ್ ಅದರ ವಿವರ ಓದಲು ಹೋಗಿ ಅದೇ ದೋಷಕ್ಕೆ ಸಿಲುಕಬಹುದೆಂಬುದನ್ನೂ ಆಗ ತೋರಿಸಲಾಯಿತು. ಹನ್ನೆರಡು ವರ್ಷಗಳ ಬಳಿಕ, 2021ರಲ್ಲಿ, ಎನ್‌ಎಸ್‌ಒ ಕಂಪನಿಯ ಪೆಗಾಸಸ್ ಗೂಢಚಾರ ತಂತ್ರಾಂಶವು ಐಫೋನಿಗೆ ನುಗ್ಗಿದ್ದು ಇದೇ ವಿಧಾನದ ಇನ್ನೊಂದು ದೋಷದ ಮೂಲಕ. ಜಿಫ್ ಎಂಬ ಬಗೆಯ ಚಿತ್ರವೆಂದು ಹೆಸರಿಟ್ಟು ಕಳಿಸಿದ ಆ ಕಡತ ನಿಜಕ್ಕೂ ಪಿಡಿಎಫ್ ಆಗಿತ್ತು, ಫೋನಿನ ಒಡೆಯರು ಏನನ್ನೂ ಒತ್ತಬೇಕಾಗಿರಲಿಲ್ಲ. ಚಿತ್ರ ಬಿಡಿಸಲೆಂದು ಇದ್ದ 70,000ಕ್ಕೂ ಹೆಚ್ಚು ಆದೇಶಗಳನ್ನು ಜೋಡಿಸಿ, ಲೆಕ್ಕ ಕೂಡುವ, ಹೋಲಿಸುವ ಒಂದು ಪುಟ್ಟ ಕಂಪ್ಯೂಟರನ್ನೇ ಅದರೊಳಗೆ ಕಟ್ಟಿದ್ದರು ಎಂಬುದನ್ನು ತಂತ್ರಾಂಶಗಳ ದೋಷ ಹುಡುಕುವ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ವಿವರಿಸಿದೆ. ಆಪಲ್ 2021ರ ಸೆಪ್ಟೆಂಬರ್ 13ರಂದು ಐಒಎಸ್ 14.8ರಲ್ಲಿ ಇದನ್ನು ಸರಿಪಡಿಸಿತು. ಪಿಡಿಎಫ್ ಬರೀ ಕಾಗದವೆಂದು ಈಗಲೂ ಹೇಳುವವರು ಈ ಒಂದು ವಿವರಣೆಯನ್ನಾದರೂ ಓದಬೇಕು.

ಆಂಟಿವೈರಸ್ಸಿನ ಮೇಲಿನ ನಂಬಿಕೆಯನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳಿ. ಅದು ಮುಖ್ಯವಾಗಿ ಹಿಂದೆ ಕಂಡದ್ದನ್ನು ಗುರುತಿಸುತ್ತದೆ. 2009ರ ಡಿಸೆಂಬರಿನಲ್ಲಿ ರೀಡರಿನ ಜಾವಾಸ್ಕ್ರಿಪ್ಟ್ ಭಾಗದ ದೋಷವೊಂದು ದಾಳಿಗೆ ಬಳಕೆಯಾಗುತ್ತಿರುವುದು ತಿಳಿದ ಮೇಲೂ ತಿದ್ದುಪಡಿ ಬಂದದ್ದು 2010ರ ಜನವರಿ 12ರಂದು. ಅಂಥ ನಡುವಿನ ದಿನಗಳಲ್ಲಿ ನಿಮ್ಮನ್ನು ಕಾಯುವುದು ವೀಕ್ಷಕದ ಕೈಗಳನ್ನು ನೀವು ಎಷ್ಟು ಕಟ್ಟಿಹಾಕಿದ್ದೀರಿ ಎಂಬುದು.

ಆದ್ದರಿಂದ ನನ್ನ ಸಲಹೆ ಹೀಗಿದೆ. ದಿನವೂ ಅಪರಿಚಿತರಿಂದ ನೋಟಿಸು, ಬಿಲ್ಲು ಪಡೆಯುವ ನಿಮ್ಮಂಥವರು ಅವನ್ನು ಕ್ರೋಮ್ ಅಥವಾ ಫೈರ್‌ಫಾಕ್ಸ್ ಬ್ರೌಸರಿನಲ್ಲೇ ತೆರೆಯಿರಿ. ಅವುಗಳಲ್ಲಿ ದೋಷವಿಲ್ಲವೆಂದಲ್ಲ, ಫೈರ್‌ಫಾಕ್ಸಿನ ಪಿಡಿಎಫ್ ವೀಕ್ಷಕದಲ್ಲೂ ಅಕ್ಷರಗಳನ್ನು ಬಿಡಿಸುವ ಭಾಗದ ಗಂಭೀರ ದೋಷವೊಂದನ್ನು 2024ರ ಮೇ ತಿಂಗಳಲ್ಲಿ ಸರಿಪಡಿಸಬೇಕಾಯಿತು. ಆದರೆ ಬ್ರೌಸರು ಕಡತವನ್ನು, ಅದು ಕಂಪ್ಯೂಟರಿನ ಉಳಿದ ಭಾಗವನ್ನು ಸುಲಭವಾಗಿ ಮುಟ್ಟದಂತೆ, ಬೇಲಿಯೊಳಗೆ ಇಟ್ಟು ತೆರೆಯುತ್ತದೆ, ನೀವು ಮರೆತರೂ ತನ್ನನ್ನು ತಾನೇ ನವೀಕರಿಸಿಕೊಳ್ಳುತ್ತದೆ. ಫಾರಂ ತುಂಬಲು, ಡಿಜಿಟಲ್ ಸಹಿ ಹಾಕಲು ಅಡೋಬಿ ರೀಡರ್ ಬೇಕೇ ಬೇಕಾದರೆ ಅದರ ಪ್ರಿಫರೆನ್ಸಸ್‌ಗೆ ಹೋಗಿ ಜಾವಾಸ್ಕ್ರಿಪ್ಟನ್ನು ನಿಲ್ಲಿಸಿ. ನೀವು ಖುದ್ದಾಗಿ ಸರ್ಕಾರಿ ತಾಣದಿಂದ ಇಳಿಸಿಕೊಂಡ ಫಾರಂ ಅದನ್ನು ಬೇಡಿದಾಗ ಮಾತ್ರ, ಅಷ್ಟು ಹೊತ್ತಿಗೆ ಮಾತ್ರ, ಚಾಲೂ ಮಾಡಿ. ಹಾಗೆಂದು ಜಾವಾಸ್ಕ್ರಿಪ್ಟ್ ನಿಲ್ಲಿಸಿದರೆ ಎಲ್ಲವೂ ಮುಗಿಯಿತೆಂದು ಬೋಧಿಸುವವರನ್ನು ನಂಬಬೇಡಿ, ಏಕೆಂದರೆ ಮೇಲೆ ಹೇಳಿದ ಜೆಬಿಗ್2 ದೋಷಗಳು ಚಿತ್ರದ ಭಾಗದಲ್ಲೇ ಇದ್ದವು. 2010ರಲ್ಲಿ ಬಂದ ರೀಡರ್ 10ರಿಂದ ಇರುವ ಪ್ರೊಟೆಕ್ಟೆಡ್ ಮೋಡ್ ಎಂಬ ಬೇಲಿಯನ್ನು ಯಾವ ಕಾರಣಕ್ಕೂ ತೆಗೆಯಬೇಡಿ. 2013ರಲ್ಲಿ ಆ ಬೇಲಿಯನ್ನೂ ದಾಟಿದ ದಾಳಿ ನಡೆದಿದೆ, ನಿಜ. ಆದರೆ ಅದಕ್ಕೆ ಒಂದರ ಬದಲು ಎರಡು ದೋಷಗಳನ್ನು ಹುಡುಕಿ ಜೋಡಿಸಬೇಕಾಯಿತು. ದಾಳಿಕೋರನ ಶ್ರಮವನ್ನು ಹೀಗೆ ಹೆಚ್ಚಿಸುತ್ತ ಹೋಗುವುದೇ ನಮ್ಮ ಕೈಲಾಗುವ ಕೆಲಸ.

ಪ್ರಶ್ನೆ: ಅಂಗಡಿಯವರು ರೀಡರ್ 9 ಹಾಕಿ, ಕಂಪ್ಯೂಟರ್ ನಿಧಾನವಾಗುತ್ತದೆಂದು ಅಪ್‌ಡೇಟ್ ನಿಲ್ಲಿಸಿದ್ದಾರೆ. ನುಡಿ ಅಕ್ಷರಗಳ ಕಡತ ಅದರಲ್ಲೇ ಸರಿಯಾಗಿ ಕಾಣುತ್ತದಂತೆ, ನಿಜವೇ? (ಡಿಟಿಪಿ ಕೇಂದ್ರದವರು, ಹಾಸನ)

ಉತ್ತರ: ನಿಜವಲ್ಲ, ಮತ್ತು ಇಂಥ ಸಲಹೆಗೆ ಹಣ ತೆಗೆದುಕೊಳ್ಳುವುದು ತಪ್ಪು. ಪಿಡಿಎಫ್ ಮಾಡುವಾಗ ಫಾಂಟನ್ನು ಕಡತದೊಳಗೇ ಸೇರಿಸಿದ್ದರೆ ಕನ್ನಡ ಯಾವ ವೀಕ್ಷಕದಲ್ಲೂ ಸರಿಯಾಗಿ ಕಾಣುತ್ತದೆ. ಸೇರಿಸದಿದ್ದರೆ ತಪ್ಪು ಕಡತ ಮಾಡಿದವರದು. ರೀಡರ್ 9ಕ್ಕೆ 2013ರಿಂದ ತಿದ್ದುಪಡಿಗಳೇ ಬರುತ್ತಿಲ್ಲ. ಹಳೆಯದು ಪಳಗಿದ್ದು, ಆದ್ದರಿಂದ ಗಟ್ಟಿ ಎಂಬ ಮಾತೂ ನಿಲ್ಲುವುದಿಲ್ಲ: ಮೈಕ್ರೋಸಾಫ್ಟ್ ಆಫೀಸಿನಲ್ಲಿ ಗಣಿತದ ಸೂತ್ರ ಬರೆಯಲು ಇದ್ದ ಈಕ್ವೇಶನ್ ಎಡಿಟರಿನಲ್ಲಿ 2000ದಿಂದ ಅಡಗಿದ್ದ ದೋಷ ಹೊರಬಿದ್ದದ್ದು 2017ರಲ್ಲಿ. ಇವತ್ತೇ ರೀಡರ್ 9 ತೆಗೆದುಹಾಕಿ.

ಪ್ರಶ್ನೆ: ಇ-ಆಧಾರ್ ಪಿಡಿಎಫ್‌ನಲ್ಲಿ ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ವೈರಸ್ಸೇ?

ಉತ್ತರ: ಅಲ್ಲ. ಸಹಿಗೆ ಆಧಾರವಾದ ಪ್ರಮಾಣಪತ್ರವನ್ನು ನಿಮ್ಮ ರೀಡರ್ ಇನ್ನೂ ನಂಬಿಕಸ್ಥರ ಪಟ್ಟಿಗೆ ಸೇರಿಸಿಕೊಂಡಿಲ್ಲ, ಅಷ್ಟೇ.

ಪ್ರಶ್ನೆ: ಪಿಡಿಎಫ್ ಪಾಸ್‌ವರ್ಡ್ ತೆಗೆಯುವ ಉಚಿತ ತಾಣ ಯಾವುದು ಒಳ್ಳೆಯದು?

ಉತ್ತರ: ಯಾವುದೂ ಬೇಡ; ಬ್ಯಾಂಕಿನ ವಿವರಪಟ್ಟಿಯನ್ನು ಯಾರದೋ ಸರ್ವರಿಗೆ ನೀವೇ ಒಯ್ದು ಒಪ್ಪಿಸಬೇಡಿ.

ಪ್ರಶ್ನೆ: ವಾಟ್ಸ್‌ಆ್ಯಪಿನಲ್ಲಿ ಬಂದ ಮದುವೆ ಆಮಂತ್ರಣದ ಕಡತ ಇನ್‌ಸ್ಟಾಲ್ ಮಾಡಲು ಕೇಳಿತು. ಪಿಡಿಎಫ್ ದೋಷವೇ?

ಉತ್ತರ: ಅದು ಪಿಡಿಎಫ್ ಅಲ್ಲ, ಎಪಿಕೆ, ಅಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಕಡತ. ಯಾವ ಆಮಂತ್ರಣವೂ ಇನ್‌ಸ್ಟಾಲ್ ಆಗಬೇಕಿಲ್ಲ.

ಪ್ರಶ್ನೆ: ನಾನು ವರದಿಗಾರ್ತಿ. ಹೆಸರು ಹೇಳದವರು ಕಳಿಸುವ ದಾಖಲೆಗಳನ್ನು ತೆರೆಯದೆ ನನಗೆ ವಿಧಿಯಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆ ಸರಿಯಾದದ್ದು. ಫ್ರೀಡಂ ಆಫ್ ದಿ ಪ್ರೆಸ್ ಫೌಂಡೇಶನ್ ನಿರ್ವಹಿಸುವ ಡೇಂಜರ್‌ಝೋನ್ ಎಂಬ ಉಚಿತ ತಂತ್ರಾಂಶವಿದೆ. ಅದು ದಾಖಲೆಯನ್ನು ಅಂತರ್ಜಾಲದ ಸಂಪರ್ಕವಿಲ್ಲದ ಪ್ರತ್ಯೇಕ ಆವರಣದಲ್ಲಿ ತೆರೆದು, ಪ್ರತಿ ಪುಟವನ್ನೂ ಬರೀ ಚಿತ್ರವನ್ನಾಗಿ ಮಾಡಿ, ಆ ಚಿತ್ರಗಳಿಂದ ಹೊಸ ಪಿಡಿಎಫ್ ಕಟ್ಟಿಕೊಡುತ್ತದೆ. ಸಂಪಾದಕರಿಗೂ ಸಹೋದ್ಯೋಗಿಗಳಿಗೂ ಆ ಹೊಸ ಕಡತವನ್ನೇ ಕಳಿಸಿ; ಮೂಲವನ್ನು ಯಾರಿಗೂ ಫಾರ್ವರ್ಡ್ ಮಾಡಬೇಡಿ, ಕಚೇರಿಯ ಹಂಚಿಕೆ ಫೋಲ್ಡರಿನಲ್ಲೂ ಇಡಬೇಡಿ.