ಲಿಚೆಸ್ 1900 ಮತ್ತು ಮೊದಲ ಟೂರ್ನಮೆಂಟ್

ಆನ್‌ಲೈನ್ ಚೆಸ್ ತಾಣ ಲಿಚೆಸ್‌ನ ಬ್ಲಿಟ್ಜ್‌ನಲ್ಲಿ (ಕೆಲವೇ ನಿಮಿಷಗಳ ಆಟ) ನನ್ನ ರೇಟಿಂಗ್ 1900 ಇದೆ, ಮೊದಲ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟೆಡ್ ಟೂರ್ನಮೆಂಟಿನಲ್ಲಿ 1600ರವರನ್ನು ಸುಲಭವಾಗಿ ಸೋಲಿಸಬಹುದಾ ಎಂದು ಕೇಳಿದ್ದೀರಿ. ಖಂಡಿತ ಆಡಿ, ಆದರೆ ಹಾಗಂದುಕೊಂಡು ಹೋಗಬೇಡಿ. ಆ ಎರಡು ರೇಟಿಂಗೂ ಬೇರೆ ಬೇರೆ ಲೆಕ್ಕ. ಲಿಚೆಸ್ ಹೊಸಬರಿಗೆ 1500ರಿಂದಲೇ ಶುರು ಮಾಡುತ್ತದೆ, ಅಲ್ಲಿನ ರೇಟಿಂಗ್ ಸಾಮಾನ್ಯವಾಗಿ ಫಿಡೆಗಿಂತ ಜಾಸ್ತಿಯೇ ಇರುತ್ತದೆ. ಜೊತೆಗೆ ಬ್ಲಿಟ್ಜ್‌ನಲ್ಲಿ ಎದುರಿನವರ ಟೈಮ್ ಮುಗಿದು ಸಿಕ್ಕ ಗೆಲುವುಗಳೂ ಅದರಲ್ಲಿ ಸೇರಿರುತ್ತವೆ ಅಲ್ವಾ? ಕ್ಲಾಸಿಕಲ್‌ನಲ್ಲಿ, ಅಂದರೆ ದೀರ್ಘ ಸಮಯದ ಆಟದಲ್ಲಿ, ಹಾಗಾಗುವುದು ಕಡಿಮೆ, ನಿಮ್ಮ ಒಂದೇ ಒಂದು ದುರ್ಬಲ ಪಾನ್ (ಪದಾತಿ) ಹಿಡಿದುಕೊಂಡು ಅವರು ಗಂಟೆಗಟ್ಟಲೆ ಕೂತು ಹಿಂಡುತ್ತಾರೆ. ಮುಟ್ಟಿದ ಕಾಯಿ ನಡೆಸಲೇಬೇಕು, ಪ್ರತಿ ನಡೆಯನ್ನೂ ಬರೆಯಬೇಕು.

ಇನ್ನೊಂದು ವಿಷಯ. ಎದುರಿಗೆ ರೇಟಿಂಗ್ ಇಲ್ಲದ ಪುಟ್ಟ ಹುಡುಗಿ ಬಂದು ಕೂತರೆ ಹಗುರವಾಗಿ ನೋಡಬೇಡಿ. ಮಕ್ಕಳ ಆಟ ರೇಟಿಂಗಿಗಿಂತ ಬೇಗ ಬೆಳೆಯುತ್ತದೆ. ನೀವು ರೇಟಿಂಗಿನಲ್ಲಿ ನಿಜಕ್ಕೂ 200 ಪಾಯಿಂಟ್ ಮೇಲಿದ್ದರೂ ಎಲೋ (ರೇಟಿಂಗ್ ಲೆಕ್ಕ ಹಾಕುವ ಪದ್ಧತಿ) ಪ್ರಕಾರ ನಾಲ್ಕು ಆಟಕ್ಕೆ ನಿರೀಕ್ಷಿಸಬಹುದಾದದ್ದು ಸುಮಾರು ಮೂರು ಗೆಲುವಿನಷ್ಟು ಅಂಕ ಅಷ್ಟೇ. ಸೋತರೆ ಸುಮ್ನೆ ಎದ್ದು ಹೋಗಬೇಡಿ, ಎಲ್ಲಿ ತಪ್ಪಿತು ಎಂದು ಅವರನ್ನೇ ಕೇಳಿ. ಬಹಳ ಜನ ಖುಷಿಯಿಂದ ಬೋರ್ಡ್ ಇಟ್ಟು ತೋರಿಸುತ್ತಾರೆ.