ಓದುಗರ ಪ್ರಶ್ನೆ: ಸುರ್ಮಾಯಿ, ವಂಜರಂ, ಕನಾದ್ ಒಂದೇನಾ?

ಪ್ರಶ್ನೆ: ಕಲಬುರಗಿ ಮಾರ್ಕೆಟಿನಾಗ ಒಬ್ಬರು ಸುರ್ಮಾಯಿ ಅಂತಾರ, ಇನ್ನೊಬ್ಬರು ವಂಜರಂ ಅಂತಾರ. ದುಬೈದಾಗಿರೋ ತಮ್ಮ ಗಾಳಕ್ಕ ಬಿದ್ದ ‘ಕನಾದ್’ ಫೋಟೊ ಕಳಿಸ್ಯಾನ. ಫ್ಲಾರಿಡಾದ ಕಿಂಗ್ ಮ್ಯಾಕರೆಲ್ಲೂ ಹಂಗೇ ಕಾಣ್ತದ. ಎಲ್ಲಾ ಒಂದೇ ಮೀನೇನು?
– ಓದುಗರು, ಕಲಬುರಗಿ

ಉತ್ತರ: ಮೊದಲ ಮೂರೂ ಹೆಚ್ಚಾಗಿ ಒಂದೇ ಮೀನಿನ ಹೆಸರು: ಸ್ಕಾಂಬರೊಮೋರಸ್ ಕಾಮರ್ಸನ್. ಮಂಗಳೂರಿನ ಅಂಜಲ್ ಕೂಡ ಇದೇ. ಮರಾಠಿ ಹೆಸರೂ ತೆಲುಗು ಹೆಸರೂ ನಿಮ್ಮೂರಲ್ಲಿ ಕೂಡುವುದರಿಂದ ಗೊಂದಲ ಸಹಜ. ಫ್ಲಾರಿಡಾದ್ದು ಅದೇ ಕುಲದ ಬೇರೆ ಜಾತಿ, ಕವಾಲಾ. ಅದರ ನೆಲೆ ಅಟ್ಲಾಂಟಿಕ್‌ನ ಪಶ್ಚಿಮ ಭಾಗ. ನಮ್ಮ ಕಡಲಿನಲ್ಲಿ ಇಲ್ಲ.

ಪಕ್ಕೆಯ ಮೇಲೆ ಕಿವಿರಿನಿಂದ ಬಾಲದವರೆಗೆ ಹೋಗುವ ಗೆರೆ ನೋಡಿ. ಕವಾಲಾದಲ್ಲಿ ಎರಡನೇ ಬೆನ್ನುರೆಕ್ಕೆ ಶುರುವಾಗುವಲ್ಲೇ ಅದು ಥಟ್ಟನೆ ಕೆಳಗಿಳಿಯುತ್ತದೆ. ನಮ್ಮದರಲ್ಲಿ ಆ ರೆಕ್ಕೆ ಮುಗಿಯುವಲ್ಲಿ. ಬೆಳೆದ ಸುರ್ಮಾಯಿಗೆ ಬೆನ್ನಿನಿಂದ ಹೊಟ್ಟೆಯತ್ತ ಇಳಿಯುವ ಅಲೆಯಂಥ ಪಟ್ಟೆಗಳಿವೆ, ಬೆಳೆದ ಕವಾಲಾ ಬರಿಮೈ.

ಎರಡೂ ಕಡಲಿನಲ್ಲಿ ಇವಕ್ಕೊಂದು ಚುಕ್ಕೆಯ ದಾಯಾದಿಯೂ ಇದೆ: ಇಲ್ಲಿ ಗುಟ್ಟಾಟಸ್, ಅಲ್ಲಿ ಮ್ಯಾಕುಲೇಟಸ್. ಎರಡರಲ್ಲೂ ಗೆರೆ ನಿಧಾನವಾಗಿ ಇಳಿಯುತ್ತದೆ. ಮರಿ ಕವಾಲಾಕ್ಕೂ ಚುಕ್ಕೆ ಇರುವುದರಿಂದ ಚುಕ್ಕೆ ನಂಬಿದವರು ಅಲ್ಲಿ ಎಡವುತ್ತಾರೆ. ಅದು ಸಣ್ಣ ತಪ್ಪಲ್ಲ. ಫ್ಲಾರಿಡಾದ ನಿಯಮದಂತೆ ಹಿಡಿದ ಮೀನು ಇಟ್ಟುಕೊಳ್ಳಲು, ಬಾಲದ ಕವಲಿನವರೆಗೆ ಅಳೆದಾಗ ಕವಾಲಾ ಕನಿಷ್ಠ 24 ಇಂಚು ಇರಬೇಕು, ಮ್ಯಾಕುಲೇಟಸ್‌ಗೆ 12 ಸಾಕು. ಗೆರೆಯನ್ನೇ ನಂಬಿ.

ಮಾರ್ಕೆಟಿನಲ್ಲಿ ಮಾತ್ರ ಕತ್ತರಿಸುವ ಮೊದಲೇ ಇಡೀ ಮೀನು ನೋಡಿ. ಸುರ್ಮಾಯಿಯ ಎರಡನೇ ಬೆನ್ನುರೆಕ್ಕೆಯ ಹಿಂದೆ ಬಾಲದವರೆಗೆ ಪುಟ್ಟ ರೆಕ್ಕೆಗಳ ಸಾಲಿದೆ. ಸುರ್ಮಾಯಿಯಂತೆ ಕಾಣುವ ಬರಾಕುಡಾ ಮೀನಿಗೆ ಆ ಸಾಲಿಲ್ಲ, ಎರಡು ಬೆನ್ನುರೆಕ್ಕೆಗಳೂ ದೂರ ದೂರ. ತುಂಡೇ ಸಿಕ್ಕರೆ ಚರ್ಮ ಸವರಿ: ಹುರುಪೆ ಕಣ್ಣಿಗೆ ಕಾಣುವಷ್ಟು ದೊಡ್ಡದಿದ್ದರೆ ಸುರ್ಮಾಯಿಯಲ್ಲ. ವಾಹೂ ಇನ್ನೂ ಮೋಸದ ಮೀನು, ಅದಕ್ಕೂ ಪಟ್ಟೆಯಿದೆ, ಪುಟ್ಟ ರೆಕ್ಕೆಗಳೂ ಇವೆ. ಮೊದಲ ಬೆನ್ನುರೆಕ್ಕೆಯ ಮುಳ್ಳು ಎಣಿಸಿ: ಸುರ್ಮಾಯಿಗೆ 15ರಿಂದ 18, ವಾಹೂಗೆ 23ರಿಂದ 27.

ಬಿಸಿಲಿನಲ್ಲಿ ಒಯ್ಯುವಾಗ ಮೀನಿನಷ್ಟೇ ತೂಕದ ಐಸ್ ಹಾಕಿ. ಈ ಬಂಗುಡೆ ಬಳಗದ ಮಾಂಸ ಬೆಚ್ಚಗಾದರೆ ಅಲರ್ಜಿಯಂಥ ತೊಂದರೆ ತರುವ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಎಷ್ಟು ಕುದಿಸಿದರೂ ಹೋಗದು. ನಾಲಿಗೆ ಮೆಣಸಿನಂತೆ ಚುರುಗುಟ್ಟಿದರೆ ಎಸೆದುಬಿಡಿ.

ಪ್ರಶ್ನೆ: ಹೈದರಾಬಾದಿನ ಪಂಡುಗಪ್ಪ, ಆಸ್ಟ್ರೇಲಿಯಾದ ಬರಮಂಡಿ ಒಂದೇನಾ?
– ಓದುಗರು, ಬೀದರ್

ಉತ್ತರ: ಹೌದು, ಎರಡನ್ನೂ ಲೇಟಿಸ್ ಕ್ಯಾಲ್ಕರಿಫರ್ ಎಂದೇ ಕರೆಯುತ್ತಾರೆ. ಅಮೆರಿಕದ ಸ್ನೂಕ್ ಇದರ ತದ್ರೂಪಿನಂತಿದ್ದರೂ ಪಕ್ಕೆಯ ಗೆರೆ ಕಪ್ಪಗೆ ಎದ್ದು ಕಾಣುತ್ತದೆ. ಪಂಡುಗಪ್ಪ, ಸ್ನೂಕ್ ಎರಡೂ ಗಂಡಾಗಿ ಬೆಳೆದು ಆಮೇಲೆ ಹೆಣ್ಣಾಗುತ್ತವೆ, ಹಾಗಾಗಿ ಗಾಳಕ್ಕೆ ಬೀಳುವ ತೀರಾ ದೊಡ್ಡವು ಬಹುಪಾಲು ಮೊಟ್ಟೆಯಿಡುವ ತಾಯಂದಿರೇ.